ತಲೆಯ ಮೇಲಿದ್ದರೆ ಮುಡಿ, ಉದುರಿದರೆ ಕಸ: ಕೂದಲಿನ ಸುತ್ತ ಕನ್ನಡದ ಗಾದೆ, ಗೇಲಿ, ಬೈಗುಳ

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.’ ‘ಬಂದ್ರೆ ಬೆಟ್ಟ, ಹೋದ್ರೆ ಕೂದ್ಲು.’ ಎರಡೂ ಕೂದಲಿನ ಮಾತೇ. ಆದರೆ ಮೊದಲನೆಯದರಲ್ಲಿ ಅದು ಹೂ ಮುಡಿದು ಮೆರೆಯುವ ಪ್ರತಿಷ್ಠೆ, ಎರಡನೆಯದರಲ್ಲಿ ಹೋದರೂ ಯಾರೂ ಹುಡುಕದ ಚಿಲ್ಲರೆ. ಕೂದಲಿನ ಮೇಲೆ ಕನ್ನಡದಲ್ಲಿ ಹುಟ್ಟಿಕೊಂಡಿರುವ ಗಾದೆ, ಅಡ್ಡಹೆಸರು, ಬೈಗುಳಗಳನ್ನು ಒಂದು ಕಡೆ ಸುರಿದು ನೋಡಿದರೆ ಮೊದಲು ಎದುರಾಗುವ ಸಿಕ್ಕು ಇದು. ಒಂದೇ ವಸ್ತು ಒಮ್ಮೆ ಮಾನದ ಗುರುತು, ಇನ್ನೊಮ್ಮೆ ಸೊನ್ನೆಯ ಗುರುತು ಆಗುವುದು ಹೇಗೆ?

ಸಿಕ್ಕು ಬಿಡಿಸುವ ತುದಿ ಹೆಸರುಗಳಲ್ಲೇ ಇದೆ. ಜುಟ್ಟು, ಜಡೆ, ತುರುಬು, ಮುಡಿ, ಮೀಸೆ, ಗಡ್ಡ ಇವೆಲ್ಲ ಒಟ್ಟಾಗಿರುವ, ಕಟ್ಟಿದ ಅಥವಾ ತಿದ್ದಿದ ಕೂದಲಿಗೆ ಇಟ್ಟ ಹೆಸರುಗಳು. ಮಾನ, ಜಂಬ, ಜಗಳ, ಅಧಿಕಾರದ ಗಾದೆಗಳು ಹುಟ್ಟಿರುವುದು ಇವುಗಳ ಮೇಲೆ. ಬರೀ ‘ಕೂದಲು’, ‘ಕೂದಲೆಳೆ’, ‘ರೋಮ’ ಅಂದಾಗ ಕಣ್ಣಿಗೆ ಬರುವುದು ಬಿಡಿ ಎಳೆ. ಅತಿ ಚಿಕ್ಕದು, ಅತಿ ಅಗ್ಗದ್ದು ಎಂದು ಹೇಳಬೇಕಾದಲ್ಲೆಲ್ಲ ಬರುವುದು ಇದು. ಹಳೆಯ ಸುಭಾಷಿತವೊಂದು ಈ ಲೆಕ್ಕವನ್ನು ಅರ್ಧ ಸಾಲಿನಲ್ಲಿ ಮುಗಿಸಿಬಿಡುತ್ತದೆ: ‘ಸ್ಥಾನಭ್ರಷ್ಟಾ ನ ಶೋಭಂತೇ ದಂತಾಃ ಕೇಶಾ ನಖಾ ನರಾಃ’. ಹಲ್ಲು, ಕೂದಲು, ಉಗುರು, ಮನುಷ್ಯ, ಈ ನಾಲ್ಕೂ ಜಾಗ ತಪ್ಪಿದರೆ ಶೋಭಿಸುವುದಿಲ್ಲ. ತಮಿಳಿನ ತಿರುಕ್ಕುರಳಿನ 964ನೇ ಕುರಳಿನದೂ ಇದೇ ದಾರಿ: ತನ್ನ ಮಟ್ಟದಿಂದ ಜಾರಿದವರು ತಲೆಯಿಂದ ಉದುರಿದ ಕೂದಲಿನಂಥವರು. ಅಡುಗೆ ಮಾಡಿದವಳ ನೀಳ ಜಡೆಯನ್ನು ಹೊಗಳಿದ ಬಾಯಿಯೇ ಅದರ ಒಂದು ಎಳೆ ಸಾರಿನಲ್ಲಿ ಸಿಕ್ಕರೆ ಏನನ್ನುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಎಳೆಯ ಲೆಕ್ಕ

‘ಕೂದಲೂ ಕೊಂಕದಂತೆ ನೋಡಿಕೊಂಡರು’ ಎಂಬಲ್ಲಿ ಕೊಂಕು ಅಂದರೆ ಬಾಗು, ಡೊಂಕಾಗು. ಇಡೀ ಮೈಯಲ್ಲಿ ಅತಿ ಸುಲಭವಾಗಿ ಬಾಗುವ ವಸ್ತುವೇ ಬಾಗಲಿಲ್ಲ ಎಂದ ಮೇಲೆ ಉಳಿದ ಮೈಗೆ ಏನೂ ಆಗಿಲ್ಲ ಎಂದಾಯಿತು. ಪತ್ರಿಕೆಗಳ ‘ಕೂದಲೆಳೆ ಅಂತರದಲ್ಲಿ ಪಾರು’ ಕೂಡ ಇದೇ ಜಾತಿಯದು, ಆದರೆ ಅದು ಬಳಸಿ ಬಳಸಿ ಸವೆದುಹೋಗಿದೆ. ತಲೆಗೂದಲಿನ ದಪ್ಪ ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರ್. ಲಾರಿಯೊಂದು ಬೈಕಿನವನನ್ನು ಅಷ್ಟು ಅಂತರದಲ್ಲಿ ದಾಟಿ ಹೋಗಿದ್ದರೆ ಅವನ ಅಂಗಿಯಾದರೂ ಹರಿದಿರಬೇಕಿತ್ತು. ಚುನಾವಣೆಯಲ್ಲಿ ಹತ್ತು ಮತದಿಂದ ಗೆದ್ದವನಿಗೆ ಈ ಮಾತು ಒಪ್ಪುತ್ತದೆ, ಎರಡಡಿ ದೂರದಲ್ಲಿ ಮರ ಬಿದ್ದು ಬದುಕಿದವನಿಗೆ ಅಷ್ಟಾಗಿ ಒಪ್ಪದು.

‘ಬಂದ್ರೆ ಬೆಟ್ಟ, ಹೋದ್ರೆ ಕೂದ್ಲು’ ಎಂಬುದರ ಪೂರ್ತಿ ಚಿತ್ರ ಹೀಗೆ: ಬೆಟ್ಟಕ್ಕೆ ಒಂದು ಕೂದಲು ಕಟ್ಟಿ ಎಳೆ. ಬಂದರೆ ಇಡೀ ಬೆಟ್ಟ ನಿನ್ನದು, ಬಾರದಿದ್ದರೆ ಹೋಗುವುದು ಒಂದು ಕೂದಲು. ಕೆಲವು ಕಡೆ ‘ಹೋದ್ರೆ ಜುಟ್ಟು’ ಎನ್ನುತ್ತಾರೆ. ಹಾಗೆಂದಾಗ ಗಾದೆಯ ಕೀಲು ಸ್ವಲ್ಪ ಸಡಿಲವಾಗುತ್ತದೆ, ಏಕೆಂದರೆ ಜುಟ್ಟು ಹೋಗುವುದು ಸಣ್ಣ ನಷ್ಟವೇನಲ್ಲ. ತಮಿಳಿನಲ್ಲೂ ತೆಲುಗಿನಲ್ಲೂ ಇದೇ ಗಾದೆಯಿದೆ, ಅಲ್ಲೂ ಪಣಕ್ಕಿಡುವುದು ಒಂದೇ ಎಳೆ. ಒಂದು ಆರೋಗ್ಯವಂತ ಕೂದಲು ಸುಮಾರು 50ರಿಂದ 100 ಗ್ರಾಂ ತೂಕ ತಡೆಯುತ್ತದೆ, ಹಾಗಾಗಿ ಬೆಟ್ಟ ಬರುವ ಭಯ ಬೇಡ. ಈ ಮಾತನ್ನು ಬಳಸುವಾಗ ಜನ ಎಡವುವುದು ಬೇರೆ ಕಡೆ. ನಷ್ಟ ತೀರಾ ಕಡಿಮೆ, ಲಾಭ ಬಹಳ ದೊಡ್ಡದು, ಎರಡೂ ಕೂಡಿದಾಗ ಮಾತ್ರ ಇದು ಸರಿ. ಲಾಟರಿ ಚೀಟಿಗೆ, ಪರಿಚಯವಿಲ್ಲದವರಿಗೆ ಕಳಿಸುವ ಕೆಲಸದ ಅರ್ಜಿಗೆ ಸರಿ. ಇರುವ ಹೊಲ ಮಾರಿ ಶೇರು ಪೇಟೆಗೆ ಸುರಿಯುವವನು ಇದನ್ನು ಹೇಳಿದರೆ ಅವನು ಕಟ್ಟಿರುವುದು ಕೂದಲನ್ನಲ್ಲ, ತಲೆಯನ್ನು.

ಬಿಡಿ ಎಳೆಯ ಅಗ್ಗತನ ಅತಿ ಹೆಚ್ಚು ದುಡಿಯುವುದು ಹೀಯಾಳಿಕೆಯಲ್ಲಿ. ‘ನನ್ನ ಕಾಲಿನ ಕೂದಲಿಗೂ ಸಮ ಅಲ್ಲ’ ಎಂಬುದರಲ್ಲಿ ಎರಡು ಪೆಟ್ಟಿದೆ: ಕೂದಲು, ಅದೂ ಕಾಲಿನದು. ಹಳೇ ಮೈಸೂರಿನ ಕಡೆ, ಬೆಂಗಳೂರಿನಲ್ಲಿ ದಿನಕ್ಕೆ ಹತ್ತು ಸಲ ಕಿವಿಗೆ ಬೀಳುವ ‘ಏನ್ ಕಿತ್ತು ದಬ್ಬಾಕಿದೀಯ?’, ‘ಏನ್ ಕಿತ್ತು ಗುಡ್ಡೆ ಹಾಕಿದಾನೆ ಅವನು?’ ಎಂಬ ಮಾತುಗಳನ್ನು ಗಮನಿಸಿ. ಕಿತ್ತಿದ್ದು ಏನನ್ನು ಎಂಬುದು ವಾಕ್ಯದಲ್ಲಿ ಎಲ್ಲೂ ಇಲ್ಲ. ಕರ್ಮಪದವನ್ನು ನುಂಗಿಬಿಟ್ಟಿದ್ದಾರೆ, ಕೇಳಿದವರಿಗೆಲ್ಲ ಅದು ಗೊತ್ತು. ಧಾರವಾಡ, ಬೆಳಗಾವಿ ಕಡೆ ಇದೇ ಕೆಲಸವನ್ನು ‘ಏನ್ ಹರ್ಕೋತಿ ಹರ್ಕೋ’ ಮಾಡುತ್ತದೆ. ಅಲ್ಲೂ ಹರಿಯುವ ವಸ್ತುವಿನ ಹೆಸರಿಲ್ಲ. ಹಿಂದಿಯ ‘ಕ್ಯಾ ಉಖಾಡ್ ಲೇಗಾ’ ಇದರ ಖಾಸಾ ತಮ್ಮ. ಹೆಸರು ಬಿಟ್ಟಿರುವುದರಿಂದಲೇ ಈ ಮಾತು ಆಫೀಸಿನ ಕಾಫಿ ಟೇಬಲ್ಲಿನವರೆಗೂ ಬಂದು ಕೂತಿದೆ. ಮೂರು ವರ್ಷ ಕೋರ್ಸ್ ಮಾಡಿ ಏನ್ ಕಿತ್ತು ದಬ್ಬಾಕಿದೆ ಎಂದು ಅಪ್ಪನೇ ಮಗನನ್ನು ಕೇಳುತ್ತಾನೆ.

ನುಂಗಿದ ಆ ಪದವನ್ನು ಬಾಯಿಬಿಟ್ಟು ಹೇಳಿದರೆ ‘ಶಾಟ’ ಆಗುತ್ತದೆ. ಅದು ಗುಪ್ತಾಂಗದ ಕೂದಲು. ಹುಡುಗರ ಗುಂಪಿನಲ್ಲಿ ಅದಕ್ಕೆ ‘ಏನೂ ಇಲ್ಲ’ ಎಂಬುದಕ್ಕಿಂತ ಹೆಚ್ಚಿನ ಅರ್ಥ ಉಳಿದಿಲ್ಲ. ಉತ್ತರ ಕರ್ನಾಟಕದಲ್ಲಿ ‘ಶೆಂಟ’ ಎಂಬ ರೂಪವೂ ಕೇಳುತ್ತದೆ. ಆದರೆ ಹಿರಿಯರ ಎದುರು, ಹೆಂಗಸರ ಎದುರು, ಬರವಣಿಗೆಯಲ್ಲಿ ಅದು ಇಂದಿಗೂ ಕೊಳಕು ಮಾತೇ. ಕನ್ನಡ ಹೊಸದಾಗಿ ಕಲಿಯುವವರು ಗೆಳೆಯರಿಂದ ಮೊದಲು ಕಲಿಯುವ ಐದಾರು ಪದಗಳಲ್ಲಿ ಇದೂ ಒಂದು. ಎಲ್ಲಿ ಆಡಬಾರದು ಎಂಬುದನ್ನು ಮಾತ್ರ ಆ ಗೆಳೆಯರು ಕಲಿಸಿರುವುದಿಲ್ಲ. ತಮಿಳಿನ ‘ಮಯಿರ್’ ಕುರಳಿನಲ್ಲಿ ಮರ್ಯಾದೆಯ ಪದವಾಗಿದ್ದು ಈಗ ಬೀದಿಯಲ್ಲಿ ಇದೇ ಗತಿಗೆ ಬಂದಿದೆ. ಬೆಂಗಳೂರಿನ ಕೆಲವು ಬಡಾವಣೆಗಳ ಕನ್ನಡದಲ್ಲೂ ಅದು ‘ಮೈರ್’ ಆಗಿ ಓಡಾಡುತ್ತದೆ.

ಎಳೆಯನ್ನು ಗೌರವಿಸಿದ ಮಾತು ಇಲ್ಲವೇ ಇಲ್ಲ ಅನ್ನುವಂತಿಲ್ಲ. ‘ನವಿರು’ ಅಂದರೆ ಮೂಲತಃ ಎಳೆಯ, ಮೃದುವಾದ ಕೂದಲು. ‘ಮೈನವಿರೇಳಿತು’ ಎಂಬಲ್ಲಿ ಅದು ಇನ್ನೂ ಕೂದಲಾಗಿಯೇ ಇದೆ. ಮೈಮೇಲಿನ ಹೆಚ್ಚಿನ ಕೂದಲುಗಳ ಬುಡದಲ್ಲೊಂದು ಸಣ್ಣ ಸ್ನಾಯುವಿದೆ, ಚಳಿಗೋ ಭಯಕ್ಕೋ ಬೆರಗಿಗೋ ಅದು ಬಿಗಿದಾಗ ಕೂದಲು ನೆಟ್ಟಗಾಗುತ್ತದೆ. ‘ನವಿರು ಹಾಸ್ಯ’ ಎನ್ನುವಾಗ ಕೂದಲು ಮರೆಯಾಗಿ ಮೃದುತನ ಮಾತ್ರ ಉಳಿದಿದೆ. ಪುಸ್ತಕದ ಮುನ್ನುಡಿಗಳಲ್ಲಿ ಈ ಪದ ಬರೆಯುವವರಿಗೆ ತಾವು ‘ಕೂದಲ ಹಾಸ್ಯ’ ಎಂದು ಬರೆಯುತ್ತಿದ್ದೇವೆಂಬ ಅಂದಾಜೂ ಇರುವುದಿಲ್ಲ.

ಜುಟ್ಟು ಎಂಬ ಹಿಡಿ

ಜುಟ್ಟಿನ ಮಾತುಗಳಲ್ಲಿ ಬಹಳಷ್ಟು ಹಿಡಿಯುವುದರ ಸುತ್ತ ತಿರುಗುತ್ತವೆ. ‘ಅವನ ಜುಟ್ಟು ಇವಳ ಕೈಲಿದೆ’, ‘ಬ್ಯಾಂಕಿನವರ ಕೈಗೆ ಜುಟ್ಟು ಕೊಟ್ಟು ಕೂತಿದ್ದಾನೆ’, ‘ಜುಟ್ಟು ಹಿಡಿದು ಕೆಲಸ ಮಾಡಿಸಬೇಕು’. ಕುತ್ತಿಗೆ ಹಿಡಿಯುವುದಕ್ಕೂ ಜುಟ್ಟು ಹಿಡಿಯುವುದಕ್ಕೂ ಅರ್ಥದಲ್ಲಿ ವ್ಯತ್ಯಾಸವಿದೆ. ಕುತ್ತಿಗೆ ಹಿಡಿದರೆ ಉಸಿರಿಗೆ ಅಪಾಯ. ಜುಟ್ಟು ಹಿಡಿದರೆ ಜೀವಕ್ಕೇನೂ ಆಗದು, ಆದರೆ ತಲೆ ಯಾವ ದಿಕ್ಕಿಗೆ ತಿರುಗಬೇಕೆಂದು ಹಿಡಿದವರು ತೀರ್ಮಾನಿಸುತ್ತಾರೆ. ಸಾಲ ಕೊಟ್ಟವನು, ಹೆದರಿಸಿ ಹಣ ಕೀಳುವವನು, ಗುಟ್ಟು ತಿಳಿದವನು, ಇವರ ಬಗ್ಗೆ ಆಡುವಾಗ ಜುಟ್ಟೇ ಸರಿಯಾದ ಮಾತು.

ಈ ಮಾತುಗಳು ಹುಟ್ಟಿದ ಕಾಲದಲ್ಲಿ ಜುಟ್ಟು ಬರೀ ಪುರೋಹಿತರ ಗುರುತಾಗಿರಲಿಲ್ಲ. ಮುಂದಲೆ ಬೋಳಿಸಿ ಹಿಂದೆ ಗಂಟು ಹಾಕುವುದು ಬಹಳ ಜಾತಿಗಳ ಗಂಡಸರ ರೂಢಿ. ಇಂಗ್ಲಿಷರ ಕಾಲದಲ್ಲಿ ಶಾಲೆ, ಕಚೇರಿಗಳ ಜೊತೆಗೆ ‘ಕ್ರಾಪು’ ಬಂತು. ಪೂರ್ತಿ ತಲೆಯ ಕೂದಲನ್ನು ಒಂದೇ ಸಮ ಮೋಟು ಮಾಡಿ ಬೈತಲೆ ತೆಗೆಯುವುದು ಕ್ರಾಪು. ‘ಕ್ರಾಪು ಬಿಟ್ಟ’ ಎಂಬುದು ಒಂದು ಕಾಲಕ್ಕೆ ಮನೆಯಲ್ಲಿ ದೊಡ್ಡ ಗಲಾಟೆಯ ಸುದ್ದಿ. ಈಗ ಅಜ್ಜಂದಿರ ಬಾಯಲ್ಲಿ ಮಾತ್ರ ಕ್ರಾಪು ಉಳಿದಿದೆ, ಮೊಮ್ಮಕ್ಕಳದು ‘ಕಟಿಂಗ್’. ಜುಟ್ಟು ತಲೆಯಿಂದ ಹೋಗಿ ಗಾದೆಯಲ್ಲಿ ಉಳಿಯಿತು. ಇನ್ನೊಂದು ಕಡೆ ಗಟ್ಟಿಯಾಗಿ ಉಳಿದಿರುವುದೆಂದರೆ ತೆಂಗಿನಕಾಯಿಯ ಮೇಲೆ: ಪೂಜೆಗೆ, ತಾಂಬೂಲಕ್ಕೆ ಸುಲಿಯುವಾಗ ಕಣ್ಣುಗಳನ್ನು ಮುಚ್ಚುವಷ್ಟು ನಾರನ್ನು ಜುಟ್ಟಾಗಿ ಬಿಡಬೇಕು. ನುಣ್ಣಗೆ ಸುಲಿದ ‘ಬೋಳುಗಾಯಿ’ ಅಡುಗೆಗೆ ಸಲ್ಲುತ್ತದೆ, ಮಂಗಳಕಾರ್ಯಕ್ಕೆ ಸಲ್ಲದು. ಜುಟ್ಟಿದ್ದರೆ ಮಾನ ಎಂಬ ಲೆಕ್ಕ ಕಾಯಿಗೂ ಹತ್ತಿಬಿಟ್ಟಿದೆ.

ಹೊಟ್ಟೆ, ಹಿಟ್ಟು, ಜುಟ್ಟಿನ ಗಾದೆಗೆ ಮರಳೋಣ. ಹೊಟ್ಟೆ, ಹಿಟ್ಟು, ಜುಟ್ಟು ಎಂಬ ಮೂರು ಒತ್ತಕ್ಷರಗಳ ತಾಳದ ಮೇಲೆ ‘ಮಲ್ಲಿಗೆ’ ಮೃದುವಾಗಿ ಬಂದು ಕೂರುತ್ತದೆ. ಗಾದೆ ಇಷ್ಟು ಕಾಲ ಬದುಕಿರಲು ಅರ್ಧ ಕಾರಣ ಈ ಸದ್ದೇ. ಹಿಟ್ಟು ಇಲ್ಲಿ ರಾಗಿ ಹಿಟ್ಟು, ಅಂದರೆ ಮುದ್ದೆ, ಅತಿ ಕಡಿಮೆ ಖರ್ಚಿನ ಊಟ. ಅದಕ್ಕೂ ಗತಿಯಿಲ್ಲದವನು ಸಂಜೆಗೆ ಬಾಡಿಹೋಗುವ ವಸ್ತುವಿಗೆ ದುಡ್ಡು ಸುರಿದ ಎಂಬುದು ಗೇಲಿ. ಮಲ್ಲಿಗೆ ಕಂಡ ಕೂಡಲೇ ಇದು ಹೆಂಗಸರನ್ನು ಕುರಿತದ್ದು ಎಂದು ಹಲವರು ಭಾವಿಸುತ್ತಾರೆ. ಜುಟ್ಟು ಗಂಡಸಿನದೂ ಆಗಿದ್ದ ಕಾಲದ ಗಾದೆ ಇದು, ಶೋಕಿಲಾಲ ಗಂಡಸರಿಗೂ ಅಷ್ಟೇ ಚೆನ್ನಾಗಿ ತಗಲುತ್ತದೆ. ಬಾಡಿಗೆ ಕಟ್ಟದೆ ಹೊಸ ಐಫೋನ್ ಕೊಂಡವನಿಗೆ ಇದಕ್ಕಿಂತ ಒಪ್ಪುವ ಮಾತು ಕನ್ನಡದಲ್ಲಿಲ್ಲ. ಇಲ್ಲಿ ಒಂದು ಎಚ್ಚರ: ನಿಜಕ್ಕೂ ಹಸಿದಿರುವವರನ್ನು ಕುರಿತು ಈ ಗಾದೆ ಆಡಿದರೆ ಅದು ಹಾಸ್ಯವಾಗುವುದಿಲ್ಲ, ಬಡವರ ಒಂದು ಮೊಳ ಹೂವಿನ ಮೇಲೂ ಕಣ್ಣು ಹಾಕಿದಂತಾಗುತ್ತದೆ.

ಜುಟ್ಟನ್ನೂ ಜಡೆಯನ್ನೂ ಎದುರುಬದುರು ನಿಲ್ಲಿಸಿದ ಗಾದೆ ‘ನೂರು ಜುಟ್ಟು ಒಟ್ಟಿಗಿರಬಹುದು, ಎರಡು ಜಡೆ ಒಟ್ಟಿಗಿರಲ್ಲ’. ಊರಿಂದೂರಿಗೆ ಸಂಖ್ಯೆ ಬದಲಾಗುತ್ತದೆ. ಕೇಶವೇ ಮನುಷ್ಯನ ಬದಲು ನಿಂತಿರುವ ಒಳ್ಳೆಯ ಉದಾಹರಣೆ ಎಂದು ಇದನ್ನು ಎತ್ತಿಕೊಳ್ಳಬಹುದು. ಸತ್ಯಾಂಶಕ್ಕಾಗಿ ಅಲ್ಲ. ಒಂದೇ ಅಡುಗೆಮನೆ, ಒಂದೇ ಒಲೆ, ಒಂದೇ ಗಂಡಸಿನ ಸಂಪಾದನೆಯನ್ನು ಅತ್ತೆ ಸೊಸೆಯರು ಹಂಚಿಕೊಳ್ಳಬೇಕಾಗಿದ್ದ ಕಟ್ಟುಪಾಡನ್ನು ಬಿಟ್ಟು ಜಡೆಯ ಮೇಲೆ ತಪ್ಪು ಹೊರಿಸಿದ ಗಾದೆ ಇದು. ನೂರು ಜುಟ್ಟುಗಳು ಒಟ್ಟಿಗಿದ್ದ ಜಮೀನಿನ ವ್ಯಾಜ್ಯಗಳು ಎಷ್ಟು ತಲೆಮಾರು ಕೋರ್ಟಿನಲ್ಲಿ ನಡೆದಿವೆ ಎಂದು ಯಾವ ವಕೀಲರನ್ನು ಕೇಳಿದರೂ ಹೇಳುತ್ತಾರೆ. ಜಡೆಯ ಗೇಲಿಗಳಲ್ಲಿ ಇದಕ್ಕಿಂತ ಹಗುರವಾದವು ಇವೆ: ತೆಳುವಾಗಿದ್ದರೆ ‘ಇಲಿಬಾಲ’, ಚಿಕ್ಕದಿದ್ದರೆ ‘ಮೋಟುಜಡೆ’, ಬಾಚದಿದ್ದರೆ ‘ಕಾಗೆಗೂಡು’. ಉದ್ದ ತೋರಿಸಲು ಸೇರಿಸುವ ಸುಳ್ಳು ಕೂದಲು ‘ಚೌರಿ’. ಮದುವೆಮನೆಯಲ್ಲಿ ಜಡೆಯ ತೂಕವನ್ನು ಕಣ್ಣಲ್ಲೇ ಅಳೆದು ‘ಚೌರಿ ಎಷ್ಟು, ಕೂದಲೆಷ್ಟು’ ಎಂದು ಹೇಳುವ ಅತ್ತೆಯರು ಈಗಲೂ ಸಿಗುತ್ತಾರೆ.

ಮಣ್ಣಾಗದ ಮೀಸೆ

‘ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.’ ಸೋತ ಮೇಲೂ ಜಂಬ ಬಿಡದವನಿಗೆ ಹೇಳುವ ಮಾತು ಎಂದು ಎಲ್ಲರಿಗೂ ಗೊತ್ತು. ಇದರೊಳಗಿನ ಚೇಷ್ಟೆ ಪೂರ್ತಿ ಅರ್ಥವಾಗಬೇಕಾದರೆ ಕುಸ್ತಿಯ ನಿಯಮ ಗೊತ್ತಿರಬೇಕು. ಮಟ್ಟಿಯ, ಅಂದರೆ ಕುಸ್ತಿ ಕಣದ ಮಣ್ಣಿನ, ಮೇಲೆ ಬೋರಲಾಗಿ ಬಿದ್ದವನು ಸೋತಂತಲ್ಲ. ಬೋರಲು ಮಲಗಿ ನೆಲ ಕಚ್ಚಿಕೊಳ್ಳುವುದು ಸೋಲು ತಪ್ಪಿಸಿಕೊಳ್ಳುವ ಪಟ್ಟು. ಎದುರಾಳಿ ಅವನನ್ನು ಅಂಗಾತ ತಿರುಗಿಸಿ ಬೆನ್ನು, ಭುಜಗಳನ್ನು ಮಣ್ಣಿಗೆ ತಾಗಿಸಿದಾಗ, ಅಂದರೆ ‘ಚಿತ್’ ಮಾಡಿದಾಗ ಆಟ ಮುಗಿಯುತ್ತದೆ. ಅಂಗಾತ ಬಿದ್ದವನ ಮೀಸೆ ಆಕಾಶ ನೋಡುತ್ತಿರುತ್ತದೆ, ಅದಕ್ಕೆ ಮಣ್ಣು ತಾಗುವುದಾದರೂ ಹೇಗೆ? ಅಂದರೆ ಜಟ್ಟಿ ಹೇಳುತ್ತಿರುವುದು ಅಕ್ಷರಶಃ ಸತ್ಯ. ಮೀಸೆ ಮಣ್ಣಾಗದಿರುವುದೇ ಅವನು ಪೂರ್ತಿ ಸೋತದ್ದಕ್ಕೆ ಸಾಕ್ಷಿ. ಸುಳ್ಳು ಹೇಳುವವನಿಗೆ ಈ ಗಾದೆ ಹೊಂದುವುದಿಲ್ಲ. ನಿಜದ ಒಂದು ಚೂರನ್ನು ಹಿಡಿದುಕೊಂಡು ಸೋಲನ್ನು ಅಲ್ಲಗಳೆಯುವವನಿಗೆ ಹೊಂದುತ್ತದೆ: ‘ಸೀಟು ಕಮ್ಮಿಯಾಗಿರಬಹುದು, ಮತ ಪ್ರಮಾಣ ಹೆಚ್ಚಾಗಿದೆ’ ಎನ್ನುವ ಪಕ್ಷದ ವಕ್ತಾರ ಸೊಗಸಾದ ಜಟ್ಟಿ. ಅಂದಹಾಗೆ ಮೈಸೂರು ದಸರಾದ ವಿಜಯದಶಮಿಯಂದು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು ಕಣಕ್ಕಿಳಿಯುತ್ತಾರೆ, ತಲೆಯಲ್ಲಿ ಮೊದಲ ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ಅಲ್ಲಿ ವಾದಕ್ಕೆ ಜಾಗವಿಲ್ಲ.

ಮೀಸೆಯ ಇನ್ನೊಂದು ಗಾದೆ ಆಗದ ಮಾತುಗಳನ್ನು ತಳ್ಳಿಹಾಕಲು. ‘ಚಿಕ್ಕಮ್ಮನಿಗೆ ಮೀಸೆ ಬಂದಿದ್ರೆ ಚಿಕ್ಕಪ್ಪ ಅನ್ನಬಹುದಿತ್ತು.’ ಕೆಲವರು ಅಜ್ಜಿ, ಅಜ್ಜ ಎನ್ನುತ್ತಾರೆ. ‘ಆ ಕ್ಯಾಚ್ ಹಿಡಿದಿದ್ರೆ ಮ್ಯಾಚ್ ನಮ್ಮದೇ’ ಎಂದು ಪೇಚಾಡುವವನ ಬಾಯಿ ಮುಚ್ಚಿಸಲು ಇದು ಸಾಕು. ‘ಮೀಸೆ ಬಂದವನಿಗೆ ದೇಶ ಕಾಣದು’ ಎಂಬುದು ಹದಿಹರೆಯದ ಹುಡುಗರಿಗೆ. ಇಲ್ಲಿ ಮೀಸೆ ಅಂದರೆ ‘ಚಿಗುರುಮೀಸೆ’, ಅದು ಬಲಿತು ‘ಹುರಿಮೀಸೆ’ ಆಗುವ ಹೊತ್ತಿಗೆ ದೇಶ ತಾನಾಗಿ ಕಾಣತೊಡಗುತ್ತದೆ. ಕೆನ್ನೆಯವರೆಗೆ ಪೊಗದಸ್ತಾಗಿ ಹಬ್ಬಿದರೆ ‘ಗಿರಿಜಾ ಮೀಸೆ’, ಪೊಲೀಸರಿಗೂ ವೀರಪ್ಪನ್‌ಗೂ ಸಮಾನವಾಗಿ ಸಂದ ಅಲಂಕಾರ. ಮೂಗಿನ ಕೆಳಗೆ ದಪ್ಪಗೆ ಅಡ್ಡ ಬಿದ್ದಿದ್ದರೆ ‘ಕಂಬಳಿಹುಳ’.

ಗಡ್ಡಕ್ಕೆ ಮೀಸೆಯಷ್ಟು ಮರ್ಯಾದೆ ಸಿಕ್ಕಿಲ್ಲ. ಗಾದೆಗಳಲ್ಲಿ ಅದಕ್ಕೆ ಬೆಂಕಿ ಬೀಳುವುದೇ ಹೆಚ್ಚು. ‘ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ’ ಎಂಬುದು ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆಯುವವನಿಗೆ. ‘ಗಡ್ಡಕ್ಕೆ ಬೆಂಕಿ ಬಿದ್ದು ಒಬ್ಬ ಅಳುತ್ತಿದ್ದರೆ ಇನ್ನೊಬ್ಬ ಬೀಡಿ ಹಚ್ಚೋಕೆ ಬಂದನಂತೆ’ ಎಂಬುದು ಪರರ ಕಷ್ಟದಲ್ಲಿ ತನ್ನ ಬೇಳೆ ಬೇಯಿಸುವವನಿಗೆ. ಎರಡನ್ನೂ ಅದಲು ಬದಲು ಮಾಡಿ ಆಡುವವರಿದ್ದಾರೆ. ಮೊದಲನೆಯದು ತಡಮಾಡಿದವನ ಮೇಲೆ, ಎರಡನೆಯದು ಪರರ ಕಷ್ಟದಲ್ಲಿ ಲಾಭ ಹುಡುಕಿದವನ ಮೇಲೆ. ಬಗೆಗಳಲ್ಲಿ ‘ಕುರುಚಲು ಗಡ್ಡ’, ‘ಹೋತದ ಗಡ್ಡ’, ಪ್ರೇಮ ಮುರಿದವರ ‘ದೇವದಾಸ್ ಗಡ್ಡ’ ಇವೆ. ಉತ್ತರ ಕರ್ನಾಟಕದಲ್ಲಿ ಗಡ್ಡಕ್ಕೂ ಕ್ಷೌರಕ್ಕೂ ‘ದಾಡಿ’ ಎನ್ನುತ್ತಾರೆ: ‘ದಾಡಿ ಮಾಡಿಸ್ಕೊಂಡ್ ಬರ್ತೀನಿ’. ಅದೇ ಮೈಸೂರಿನ ಕಡೆಯವರು ‘ನಿನಗೇನು ದಾಡಿ?’ ಎಂದು ಕೇಳಿದರೆ ಗಡ್ಡ ಸವರಿ ನೋಡಿಕೊಳ್ಳಬೇಡಿ. ‘ನಿನಗೇನು ರೋಗ’ ಎಂದು ಬೈಯುತ್ತಿದ್ದಾರೆ.

ಬೋಳು, ಬೋಳಿಸು, ಬಾಚು

ಕೂದಲಿಲ್ಲದ ತಲೆಗೆ ಇರುವಷ್ಟು ಅಡ್ಡಹೆಸರು ಕೂದಲಿರುವ ತಲೆಗಿಲ್ಲ. ಬೋಳು, ಬಕ್ಕತಲೆ ಹಳೆಯವು. ‘ಬಾಂಡ್ಲಿ’ ಗಾರೆ ಕೆಲಸದ ಕಬ್ಬಿಣದ ಬುಟ್ಟಿಯಿಂದ ಬಂತು. ‘ಟಕ್ಲು’ ಹಿಂದಿಯಿಂದ ಇಳಿದದ್ದು. ‘ಮೊಟ್ಟೆ’ಯಲ್ಲಿ ಎರಡು ಭಾಷೆಯ ಚೇಷ್ಟೆ ಕೂಡಿದೆ: ತಮಿಳಿನ ‘ಮೊಟ್ಟೈ’ ಅಂದರೆ ಬೋಳು, ಕನ್ನಡದ ಮೊಟ್ಟೆ ಅಂದರೆ ಕೋಳಿಯದು, ಎರಡೂ ನುಣುಪು. ಹೊಸ ತಲೆಮಾರಿನವು ‘ಹೆಲಿಪ್ಯಾಡ್’, ‘ಏರ್‌ಪೋರ್ಟ್’, ‘ಕ್ರಿಕೆಟ್ ಪಿಚ್’. ಇವು ಹುಟ್ಟುವ ಅಚ್ಚು ಮೂರೇ ಬಗೆಯದು: ಹೊಳಪು, ದುಂಡು, ಬಯಲು. ಸುತ್ತ ಕೂದಲಿದ್ದು ನಡುನೆತ್ತಿ ಖಾಲಿಯಾದವನು ಹೆಲಿಪ್ಯಾಡ್, ಪೂರ್ತಿ ಹೋದವನು ಬಾಂಡ್ಲಿ. ಹಣೆ ಹಿಂದೆ ಸರಿಯುತ್ತಿರುವವನಿಗೆ ‘ಮುಖ ತೊಳೆಯೋಕೆ ಸೋಪು ಜಾಸ್ತಿ ಬೇಕು’ ಎನ್ನುತ್ತಾರೆ. ಪಾಪ, ಅವನಿಗೆ ಇನ್ನೂ ಬಿರುದು ಖಾಯಂ ಆಗಿಲ್ಲ.

ಬೋಳು ತಲೆಯ ಮೇಲಿನ ಹಳೆಯ ಹಾಸ್ಯಕ್ಕೆ ಸಂಸ್ಕೃತದ ಬೆಂಬಲವೂ ಇದೆ. ಭರ್ತೃಹರಿಯ ನೀತಿಶತಕದ ‘ಖಲ್ವಾಟ’ ಬಿಸಿಲಿಗೆ ನೆತ್ತಿ ಸುಟ್ಟು ನೆರಳಿಗೆಂದು ಮರದ ಬುಡಕ್ಕೆ ಓಡುತ್ತಾನೆ, ಅಲ್ಲಿ ದೊಡ್ಡ ಹಣ್ಣೊಂದು ಬಿದ್ದು ತಲೆ ಒಡೆಯುತ್ತದೆ. ಕೆಲವು ಪಾಠಗಳಲ್ಲಿ ಅದು ತಾಳೆಮರ, ಕೆಲವುಗಳಲ್ಲಿ ಬಿಲ್ವ. ಹಣೆಬರಹ ಕೆಟ್ಟವನು ಎಲ್ಲಿ ಹೋದರೂ ಅಷ್ಟೇ ಎಂಬುದು ತಾತ್ಪರ್ಯ. ಸಮಾಧಾನಕ್ಕೆ ‘ಖಲ್ವಾಟೋ ನಿರ್ಧನಃ ಕ್ವಚಿತ್’ ಎಂಬ ಮಾತೂ ಇದೆ, ಬೋಳು ತಲೆಯ ಬಡವ ಅಪರೂಪ ಅಂತೆ. ಬಾಚಣಿಗೆಯ ಖರ್ಚು ಉಳಿಯುವುದು ಮಾತ್ರ ಖಚಿತ. ‘ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಿದ ಹಾಗೆ’ ಎಂಬುದು ತಮಿಳು, ತೆಲುಗು, ಕನ್ನಡ ಮೂರರಲ್ಲೂ ಓಡಾಡುವ ಮಾತು. ಗಂಟು ಹಾಕಲು ಎರಡೂ ಕಡೆ ಎಳೆ ಬೇಕು, ಇಲ್ಲಿ ಒಂದು ಕಡೆಯೂ ಇಲ್ಲ. ಸಂಬಂಧವೇ ಇಲ್ಲದ ಎರಡು ವಿಷಯ ಜೋಡಿಸಿ ವಾದ ಮಾಡುವವನಿಗೆ ಇದು ಸಲ್ಲುತ್ತದೆ. ಸಂಬಂಧ ದೂರದ್ದಾದರೂ ಇದ್ದರೆ ಈ ಗಾದೆ ಆಡಬಾರದು.

ತಲೆ ಖಾಲಿಯಾಗುವುದಕ್ಕೂ ಜೇಬು ಖಾಲಿಯಾಗುವುದಕ್ಕೂ ಕನ್ನಡದಲ್ಲಿ ಒಂದೇ ಕ್ರಿಯಾಪದಗಳು ದುಡಿಯುತ್ತವೆ. ‘ಚೀಟಿ ಹಾಕಿಸಿಕೊಂಡು ನುಣ್ಣಗೆ ಬೋಳಿಸಿದ’, ‘ಆಸ್ಪತ್ರೆಯವರು ಚೆನ್ನಾಗಿ ಕೆರೆದರು’, ‘ಸಂಬಳಕ್ಕೆ ಕತ್ತರಿ ಬಿತ್ತು’, ‘ಕಂಟ್ರಾಕ್ಟಿನಲ್ಲಿ ದುಡ್ಡು ಬಾಚಿದ’. ಇವುಗಳಿಗೆ ಸೂಕ್ಷ್ಮ ಶ್ರೇಣಿಯಿದೆ. ಕತ್ತರಿ ಬಿದ್ದರೆ ಸ್ವಲ್ಪ ಹೋಯಿತು, ಉಳಿದದ್ದು ಬೆಳೆಯುತ್ತದೆ. ಕೆರೆದರೆ ನೋವಾಗಿದೆ. ಬೋಳಿಸಿದರೆ ಏನೂ ಉಳಿದಿಲ್ಲ, ಜೊತೆಗೆ ಕಳೆದುಕೊಂಡವನು ತಾನಾಗಿ ತಲೆ ಬಗ್ಗಿಸಿ ಕೂತಿದ್ದ ಎಂಬ ಸೂಚನೆಯಿದೆ. ಹಾಗಾಗಿ ದಾರಿಯಲ್ಲಿ ಪರ್ಸು ಕಿತ್ತುಕೊಂಡು ಓಡಿದವನ ವಿಷಯದಲ್ಲಿ ‘ಬೋಳಿಸಿದ’ ಸರಿಹೊಂದದು. ನಂಬಿಸಿ ಮೋಸ ಮಾಡಿದವನಿಗೆ ಅದು ಮೀಸಲು. ಬಾಚುವುದು ಮಾತ್ರ ಗಳಿಸಿದವನ ಕಡೆಯಿಂದ ಹೇಳುವ ಮಾತು. ‘ಬೋಳುತಲೆಯವನಿಗೂ ಬಾಚಣಿಗೆ ಮಾರ್ತಾನೆ’ ಎಂದರೆ ಮಾರಾಟಗಾರನಿಗೆ ಹೊಗಳಿಕೆ, ಕೊಂಡವನಿಗೆ ಬೈಗುಳ.

ಎಲ್ಲಿ ಬಾಯಿ ಬಿಗಿಹಿಡಿಯಬೇಕು

ಕೂದಲ ಮಾತುಗಳಲ್ಲಿ ಒಂದೆರಡು ನಗೆಯ ಪಟ್ಟಿಯಿಂದ ಹೊರಗಿರಬೇಕಾದವು. ‘ಬೋಳಿ ಮಗ’ ಎಂಬ ಬೈಗುಳವನ್ನು ಗೆಳೆಯರು ಸಲಿಗೆಯಿಂದ ಆಡಿಕೊಳ್ಳುತ್ತಾರೆ. ಬೋಳಿ ಅಂದರೆ ಗಂಡ ಸತ್ತ ಮೇಲೆ ತಲೆ ಬೋಳಿಸಲ್ಪಟ್ಟ ಹೆಂಗಸು. ಅವಳಿಗೆ ಮಗ ಹುಟ್ಟಿದ ಎಂಬ ಅಪವಾದವೇ ಈ ಬೈಗುಳದ ಹೂರಣ. ಕೆಲವು ಜಾತಿಗಳಲ್ಲಿ ಎಳೆಯ ಹುಡುಗಿಯರನ್ನೂ ಬಿಡದೆ ನಡೆಸಿದ ಆ ಕ್ರೂರ ಪದ್ಧತಿ ನಿಂತಿದೆ, ಪದ ನಿಂತಿಲ್ಲ. ‘ಹಜಾಮ’ ಎಂಬುದನ್ನು ಬೈಗುಳವಾಗಿ ಬಳಸುವುದಕ್ಕೆ ಕ್ಷೌರವೃತ್ತಿಯ ಸವಿತಾ ಸಮಾಜದವರು ಬಹಳ ಕಾಲದಿಂದ ಆಕ್ಷೇಪಿಸುತ್ತ ಬಂದಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ತಮ್ಮವರೆಂದು ನೆನೆಯುವ ವೃತ್ತಿಸಮುದಾಯದ ನಾಡಿನಲ್ಲಿ ಆ ಕಸುಬಿನ ಹೆಸರು ಬೈಗುಳವಾಗಿ ಉಳಿದಿರುವುದು ಚೆನ್ನಾಗಿಲ್ಲ. ‘ಕೆಲಸವಿಲ್ಲದ ಕ್ಷೌರಿಕ ಬೆಕ್ಕಿನ ತಲೆ ಬೋಳಿಸಿದ’ ಎಂಬ ಗಾದೆ ತೆಲುಗಿನಲ್ಲೂ ಇದೆ. ಅದೇ ಅರ್ಥಕ್ಕೆ ಬೇರೆ ಗಾದೆಗಳು ಸಾಕಷ್ಟಿವೆ.

ತಿರುಪತಿ, ಧರ್ಮಸ್ಥಳ, ಮಲೆ ಮಹದೇಶ್ವರ ಬೆಟ್ಟದಿಂದ ಬಂದವರ ತಲೆ ನೋಡಿ ‘ಬೋಳಿಸಿಕೊಂಡು ಬಂದ್ಯಾ?’ ಎಂದರೆ ಒರಟು, ‘ಮುಡಿ ಕೊಟ್ಟು ಬಂದ್ರಾ?’ ಎಂದರೆ ಮರ್ಯಾದೆ. ಕತ್ತಿ ಅದೇ, ತಲೆ ಅದೇ, ಆದರೆ ದೇವರಿಗೆ ಸಂದ ಕೂದಲು ಕಸವಲ್ಲ. ಕರಾವಳಿಯಲ್ಲಿ ಮಾತ್ರ ‘ಮುಡಿ’ ಅಂದರೆ ಒಣಹುಲ್ಲಿನಿಂದ ಬಿಗಿದು ಕಟ್ಟಿದ ಅಕ್ಕಿಯ ಗಂಟು ಕೂಡ, ಗೇಣಿಗೆ ಎರಡು ಮುಡಿ ಕೊಟ್ಟೆ ಎಂದವನ ತಲೆ ನೋಡುವುದು ಬೇಡ. ತಲೆ ಬೋಳಾಗಿರುವುದು ಹರಕೆಯಿಂದಲೇ ಎಂದು ಊಹಿಸುವುದೂ ತಪ್ಪು. ಕ್ಯಾನ್ಸರಿನ ಕೀಮೋಥೆರಪಿಯಲ್ಲಿ ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳ ಜೊತೆ ಕೂದಲ ಬುಡದ ಕೋಶಗಳೂ ಪೆಟ್ಟು ತಿನ್ನುತ್ತವೆ, ಅದರಿಂದ ಕೂದಲು ಉದುರುತ್ತದೆ. ಅವರಾಗಿ ಹೇಳುವವರೆಗೆ ಬಾಂಡ್ಲಿಯೂ ಬೇಡ, ಮೊಟ್ಟೆಯೂ ಬೇಡ.

ಇನ್ನು ಗಾದೆಯ ವೇಷದಲ್ಲಿರುವ ನಂಬಿಕೆಗಳು. ‘ಎರಡು ಸುಳಿ ಇದ್ರೆ ಎರಡು ಮದುವೆ.’ ನೆತ್ತಿಯ ಸುಳಿ ಗರ್ಭದಲ್ಲಿರುವಾಗಲೇ ಕೂದಲ ಬುಡಗಳು ಓರೆಯಾಗಿ ಕೂರುವ ದಿಕ್ಕಿನಿಂದ ಆಗುತ್ತದೆ, ಕೆಲವರಿಗೆ ಎರಡಿರುತ್ತವೆ. ಅದರಿಂದಾಗುವ ನಿಜವಾದ ತೊಂದರೆ ಒಂದೇ, ಅಲ್ಲಿ ತೀರ ಮೋಟು ಕತ್ತರಿಸಿದರೆ ಕೂದಲು ಮುಳ್ಳಿನಂತೆ ನಿಂತುಬಿಡುತ್ತದೆ, ಕಟಿಂಗ್ ಮಾಡುವವರಿಗೆ ಮೊದಲೇ ತೋರಿಸಿ. ‘ಒಂದು ಬಿಳಿಗೂದಲು ಕಿತ್ತರೆ ಹತ್ತು ಬರುತ್ತವೆ’ ಎಂಬುದೂ ಸುಳ್ಳು. ಒಂದು ಬುಡದ ವಿಷಯ ಇನ್ನೊಂದಕ್ಕೆ ಗೊತ್ತಾಗುವುದಿಲ್ಲ, ಕಿತ್ತ ಜಾಗದಲ್ಲಿ ಮತ್ತೊಂದು ಬಿಳಿಯದೇ ಬರುತ್ತದೆ, ಅಷ್ಟರಲ್ಲಿ ವಯಸ್ಸೂ ಮುಂದೆ ಹೋಗಿರುತ್ತದೆ. ‘ಬೋಳಿಸಿದರೆ ದಟ್ಟವಾಗಿ ಬೆಳೆಯುತ್ತೆ’ ಎಂದು ಮಕ್ಕಳ ತಲೆ ಮತ್ತೆ ಮತ್ತೆ ಬೋಳಿಸುವವರಿದ್ದಾರೆ. ಕತ್ತಿ ತಾಗುವುದು ಚರ್ಮದ ಮೇಲಿನ ಸತ್ತ ಭಾಗಕ್ಕೆ, ಬುಡ ಒಳಗಿದೆ. ಮೊಂಡಾದ ತುದಿ ಹೊರಬರುವಾಗ ದಪ್ಪವಾಗಿ ಕಾಣುತ್ತದೆ, ಅಷ್ಟೇ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತವೆ, ದಿನಕ್ಕೆ 50ರಿಂದ 100 ಉದುರುವುದು ಸಹಜ. ಹಾಗಾಗಿ ಬಾಚಣಿಗೆಯಲ್ಲಿ ನಾಲ್ಕೆಳೆ ಕಂಡು ‘ಬೆಂಗಳೂರಿನ ಬೋರ್‌ವೆಲ್ ನೀರಿಗೆ ತಲೆ ಬೋಳಾಯ್ತು’ ಎಂದು ಗೋಳಾಡುವ ಮೊದಲು ಒಂದು ವಾರ ಎಣಿಸಿ ನೋಡುವುದು ಒಳ್ಳೆಯದು. ದಿನವೂ ಮುಷ್ಟಿಗಟ್ಟಲೆ ಬರುತ್ತಿದ್ದರೆ, ಅಥವಾ ನಾಣ್ಯದಗಲಕ್ಕೆ ಒಂದೇ ಕಡೆ ಖಾಲಿಯಾಗಿದ್ದರೆ ಗಾದೆ ಹೇಳುವವರನ್ನು ಬಿಟ್ಟು ಚರ್ಮವೈದ್ಯರ ಹತ್ತಿರ ಹೋಗಬೇಕು. ಕಟಿಂಗ್‌ಗೆ ಹೊರಟಿದ್ದರೆ ಮಂಗಳವಾರ ಬೇಡ. ಶಾಸ್ತ್ರದ ಮಾತು ಹಾಗಿರಲಿ, ಮೈಸೂರು, ಬೆಂಗಳೂರಿನ ಹಳೆಯ ಸಲೂನುಗಳಲ್ಲಿ ಹೆಚ್ಚಿನವಕ್ಕೆ ಅಂದು ವಾರದ ರಜೆ.